ಅರಳುವ ಮೊದಲೇ ಕೊಯ್ಲು: ಜಾಂಜಿಬಾರ್‌ನ ಸಾಂಬಾರ ತೋಟಗಳು

ಪೂರ್ವ ಆಫ್ರಿಕಾದ ಕರಾವಳಿಯಾಚೆ, ಸಮಭಾಜಕ ವೃತ್ತದಿಂದ ಐದಾರು ಡಿಗ್ರಿ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ ಜಾಂಜಿಬಾರ್ ದ್ವೀಪಸಮೂಹ ಇದೆ. ಅದರಲ್ಲಿ ದೊಡ್ಡವು ಎರಡು: ದಕ್ಷಿಣದ ಉಂಗುಜಾ, ಉತ್ತರದ ಪೆಂಬಾ. ಉಂಗುಜಾದ ಪೂರ್ವಭಾಗ ಹವಳದ ಸುಣ್ಣಕಲ್ಲಿನ ನೆಲ. ಅಲ್ಲಿ ಮಣ್ಣಿನ ಪದರ ತೀರಾ ತೆಳು. ಕುರುಚಲು ಕಾಡು ಬಿಟ್ಟರೆ ಹೆಚ್ಚೇನೂ ಏಳುವುದಿಲ್ಲ. ಪಶ್ಚಿಮಕ್ಕೂ ನಡುಭಾಗಕ್ಕೂ ಬಂದಂತೆ ಮಣ್ಣು ಆಳವಾಗುತ್ತದೆ, ಮಳೆಯೂ ಹೆಚ್ಚುತ್ತದೆ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆಗಾಲ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆಗಾಲ. ವರ್ಷವಿಡೀ ಬೆಚ್ಚಗೆ, ತೇವವಾಗಿ ಇರುವ ಈ ಪಶ್ಚಿಮದ ಪಟ್ಟಿಯಲ್ಲೇ ದ್ವೀಪದ ಸಾಂಬಾರ ತೋಟಗಳು ಹರಡಿಕೊಂಡಿವೆ.

ಉಂಗುಜಾದ ಹಳೆಯ ಬಂದರುಪಟ್ಟಣ ಸ್ಟೋನ್ ಟೌನ್. ಅಲ್ಲಿಂದ ವ್ಯಾನಿನಲ್ಲಿ ಹೊರಟರೆ ಕಿಜಿಂಬಾನಿ, ಕಿಡಿಚಿ ಮುಂತಾದ ಹಳ್ಳಿಗಳು ಬೇಗನೆ ಸಿಗುತ್ತವೆ. ಪ್ರವಾಸಿಗರನ್ನು ಕರೆದೊಯ್ಯುವ ತೋಟಗಳು ಇರುವುದು ಈ ಊರುಗಳಲ್ಲಿ. ಸಾಲಾಗಿ ನೆಟ್ಟ ಏಕಬೆಳೆಯ ಪ್ಲಾಂಟೇಶನ್ ಕಾಣಬಹುದೆಂದುಕೊಂಡು ಬಂದವರಿಗೆ ಮೊದಲು ತುಸು ಗೊಂದಲವಾಗುತ್ತದೆ. ತೆಂಗು, ಹಲಸು, ಬಾಳೆಗಳ ನಡುವೆ ಲವಂಗದ ಮರ, ಅದರ ಪಕ್ಕದಲ್ಲೇ ಚಕ್ಕೆ, ಇನ್ನೊಂದು ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಅರಿಸಿನ, ಶುಂಠಿ, ನಿಂಬೆಹುಲ್ಲು. ಮಲೆನಾಡಿನ ಮನೆಯ ಹಿತ್ತಿಲನ್ನು ಬಲ್ಲವರಿಗೆ ಈ ಅಸ್ತವ್ಯಸ್ತತೆ ಹೊಸದಲ್ಲ. ನೋಡಲು ಬಂದವರಿಗೆ ಎಲ್ಲ ಗಿಡವೂ ಒಂದೇ ಸುತ್ತಿನಲ್ಲಿ ಸಿಗಲಿ ಎಂದು ಇಲ್ಲಿ ಬೇಕೆಂದೇ ಬೆರಕೆಯಾಗಿ ನೆಟ್ಟಿರುವುದೂ ಉಂಟು. ಮಾರುಕಟ್ಟೆಗೆ ಹೋಗುವ ಲವಂಗದ ಬಹುಪಾಲು ಬರುವುದು ಪ್ರವಾಸಿಗರು ಅಷ್ಟಾಗಿ ಹೋಗದ ಪೆಂಬಾದಿಂದ.

ತೋಟ ತೋರಿಸುವವರು ಮೊದಲು ಮಾಡುವ ಕೆಲಸ ಒಂದೇ: ಒಂದು ಎಲೆ ಕಿತ್ತು, ಅಂಗೈಯಲ್ಲಿ ಹೊಸಕಿ, ಬಂದವರ ಮೂಗಿನ ಬಳಿ ಹಿಡಿದು, ಇದು ಯಾವುದೆಂದು ಕೇಳುವುದು. ಹೊಸಕದ ಎಲೆಗೆ ಹೆಚ್ಚು ವಾಸನೆ ಇರುವುದಿಲ್ಲ. ಸುಗಂಧ ತೈಲವು ಗಿಡದ ಮೈಯಲ್ಲಿ ಎಲ್ಲೆಂದರಲ್ಲಿ ಹರಿದಾಡುವುದಿಲ್ಲ; ವಿಶೇಷ ಕೋಶಗಳಲ್ಲಿ, ಇಲ್ಲವೇ ಸಿಪ್ಪೆಯ ಕೆಳಗಿನ ಪುಟ್ಟ ಗ್ರಂಥಿಗಳಲ್ಲಿ ಸೇರಿಕೊಂಡು ಮುಚ್ಚಿಟ್ಟಂತೆ ಇರುತ್ತದೆ. ಹುಳು ಕಚ್ಚಿದಾಗ, ದನ ಅಗಿದಾಗ, ಕೈ ಹೊಸಕಿದಾಗ ಕೋಶ ಒಡೆದು ತೈಲ ಹೊರಬರುತ್ತದೆ, ಗಾಳಿಯಲ್ಲಿ ಬೆರೆಯುತ್ತದೆ. ಕೀಟ, ಶಿಲೀಂಧ್ರ, ಬ್ಯಾಕ್ಟೀರಿಯಾಗಳನ್ನು ದೂರವಿಡಲು ಗಿಡ ಇಟ್ಟುಕೊಂಡ ಅಸ್ತ್ರಗಳಲ್ಲಿ ಇದೂ ಒಂದು. ಅಡುಗೆಯಲ್ಲಿ ಚಿಟಿಕೆಯಷ್ಟೇ ಬಳಸುವ ಮನುಷ್ಯನಿಗೆ ಅದು ರುಚಿಯಾಗಿದೆ.

ಈ ರಸಾಯನವನ್ನು ಕಣ್ಣಮುಂದೆ ತೋರಿಸಲು ದಾಲ್ಚಿನ್ನಿ ಮರಕ್ಕಿಂತ ಒಳ್ಳೆಯ ಉದಾಹರಣೆ ತೋಟದಲ್ಲಿ ಬೇರೆ ಇಲ್ಲ. ಶ್ರೀಲಂಕಾ ಮೂಲದ ಈ ಮರದ ಕಾಂಡವನ್ನು ಚಾಕುವಿನಿಂದ ಕೆರೆದು ತೊಗಟೆಯ ಚೂರು ಎಬ್ಬಿಸಿದರೆ ಎಲ್ಲರೂ ಬಲ್ಲ ಚಕ್ಕೆಯ ಪರಿಮಳ. ಅದೇ ಮರದ ಎಲೆಯನ್ನು ಹೊಸಕಿದರೆ ಲವಂಗದ ವಾಸನೆ. ಬುಡದ ಮಣ್ಣು ಸರಿಸಿ ಬೇರಿನ ಸಿಪ್ಪೆ ಕೆರೆದರೆ ಕರ್ಪೂರ. ನೆಗಡಿಗೆ ಹಚ್ಚುವ ಮುಲಾಮಿನ ನೆನಪು ಬಾರದವರಿಲ್ಲ. ಒಂದೇ ಮರ, ಮೂರು ವಾಸನೆ. ತೊಗಟೆಯ ತೈಲದಲ್ಲಿ ಹೆಚ್ಚಾಗಿ ಇರುವುದು ಸಿನಮಾಲ್ಡಿಹೈಡ್, ಎಲೆಯ ತೈಲದಲ್ಲಿ ಯೂಜಿನಾಲ್, ಬೇರಿನ ಸಿಪ್ಪೆಯ ತೈಲದಲ್ಲಿ ಕರ್ಪೂರ. ಜೀನುಗಳು ಎಲ್ಲ ಕೋಶದಲ್ಲೂ ಒಂದೇ ಆದರೂ ಯಾವ ಅಂಗದಲ್ಲಿ ಯಾವ ಕಿಣ್ವ ಚುರುಕಾಗಿದೆ ಎಂಬುದರ ಮೇಲೆ ಅಲ್ಲಿ ತಯಾರಾಗುವ ತೈಲ ಬೇರೆಯಾಗುತ್ತದೆ.

ಸಿನಮಾಲ್ಡಿಹೈಡ್, ಯೂಜಿನಾಲ್ ಎರಡೂ ಒಂದೇ ಮನೆತನದವು. ಫೀನೈಲ್ ಅಲನೀನ್ ಎಂಬ ಅಮೈನೊ ಆಮ್ಲದಿಂದ ಶುರುವಾಗುವ ಹಾದಿಯಲ್ಲಿ ಇವು ಹುಟ್ಟುತ್ತವೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ತಯಾರಾಗುವುದೂ ಇದೇ ಹಾದಿಯಲ್ಲಿ. ಕಾಂಡ ನೆಟ್ಟಗೆ ನಿಲ್ಲಲು ಬೇಕಾದ ಸರಕಿನಲ್ಲೇ ಒಂದಿಷ್ಟನ್ನು ಬೇರೆಡೆ ತಿರುಗಿಸಿ ಮರ ತನ್ನ ರಕ್ಷಣೆಗೆ ಪರಿಮಳ ತಯಾರಿಸಿಕೊಳ್ಳುತ್ತದೆ. ಜಾಯಿಕಾಯಿಯ ಮಿರಿಸ್ಟಿಸಿನ್ ಕೂಡ ಇದೇ ಬಳಗದ್ದು. ನಮ್ಮ ತುಳಸಿಯಲ್ಲೂ ಯೂಜಿನಾಲ್ ಇದೆ. ತುಳಸಿಯ ಎಲೆ ಅಗಿದಾಗ ನಾಲಗೆಯ ಮೇಲೆ ಲವಂಗದ ಛಾಯೆ ಕಾಣುವುದು ಅದರಿಂದಲೇ.

ಚಕ್ಕೆಯ ಕೊಯ್ಲು ನೋಡಲು ಸರಳ, ಮಾಡಲು ಕಷ್ಟ. ಮರವನ್ನು ಎತ್ತರಕ್ಕೆ ಬಿಡದೆ ಬುಡದ ಬಳಿ ಕಡಿಯುತ್ತಾರೆ, ಆಗ ಹಲವು ತೆಳ್ಳನೆಯ ಚಿಗುರುಕಾಂಡಗಳು ಬರುತ್ತವೆ. ಅವನ್ನು ಕತ್ತರಿಸಿ, ಒರಟು ಹೊರಸಿಪ್ಪೆ ಹೆರೆದು, ಒಳತೊಗಟೆಯನ್ನು ಹಾಳೆಯಂತೆ ಬಿಡಿಸುತ್ತಾರೆ. ಅದು ಒಣಗುವಾಗ ತಾನಾಗಿ ಸುರುಳಿಯಾಗುತ್ತದೆ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಚಕ್ಕೆ ಎಂದು ಸಿಗುವ ದಪ್ಪ ಗಡುಸು ತುಂಡುಗಳು ಸಾಮಾನ್ಯವಾಗಿ ಇದರ ದಾಯಾದಿಯಾದ ಕ್ಯಾಸಿಯಾ ಮರದವು; ಅದರಲ್ಲಿ ಕೌಮರಿನ್ ಎಂಬ ಸಂಯುಕ್ತ ಹೆಚ್ಚು.

ಆದರೂ ಜಾಂಜಿಬಾರ್‌ನ ಚರಿತ್ರೆಯನ್ನೇ ರೂಪಿಸಿದ್ದು ಲವಂಗ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸಿಜೀಜಿಯಂ ಅರೋಮ್ಯಾಟಿಕಂ. ನೇರಳೆಯ ಕುಲದ್ದೇ ಮರ. ಪೇರಲೆ, ನೀಲಗಿರಿ ಮರಗಳೂ ಅದೇ ಕುಟುಂಬಕ್ಕೆ ಸೇರಿವೆ. ಹತ್ತು ಹನ್ನೆರಡು ಮೀಟರ್ ಎತ್ತರ, ಹೊಳೆಯುವ ಎಲೆ, ಕೊಂಬೆಯ ತುದಿಗಳಲ್ಲಿ ಗೊಂಚಲು ಗೊಂಚಲಾಗಿ ಮೊಗ್ಗು. ಡಬ್ಬಿಯಿಂದ ಒಂದು ಲವಂಗ ತೆಗೆದು ಹತ್ತಿರದಿಂದ ನೋಡಿದರೆ ಹೂವಿನ ಎಲ್ಲ ಭಾಗಗಳೂ ಅದರಲ್ಲಿ ಕಾಣುತ್ತವೆ. ಉದ್ದನೆಯ ಕಡ್ಡಿಯಂಥ ಭಾಗ ಹೂವಿನ ಪೀಠ, ಅಂಡಾಶಯ ಅದರೊಳಗೆ ಹುದುಗಿದೆ. ಮೇಲೆ ಚಾಚಿರುವ ನಾಲ್ಕು ಮುಳ್ಳುಗಳು ಪುಷ್ಪಪತ್ರಗಳು. ಅವುಗಳ ನಡುವಿನ ದುಂಡು ಗುಬುಟು ಇನ್ನೂ ತೆರೆಯದ ದಳಗಳ ಮುಚ್ಚಳ. ಅದನ್ನು ಉಗುರಿನಿಂದ ಎಬ್ಬಿಸಿದರೆ ಒಳಗೆ ಮಡಚಿಕೊಂಡಿರುವ ಕೇಸರಗಳು.

ಈ ಮುಚ್ಚಳ ತೆರೆಯುವ ಮೊದಲೇ ಕೊಯ್ಲಾಗಬೇಕು. ಮೊಗ್ಗು ಮೊದಲು ಹಸಿರು, ಬರಬರುತ್ತ ಹಳದಿ ಮಿಶ್ರಿತ ಹಸಿರು, ಆಮೇಲೆ ನಸುಗೆಂಪು. ಕೆಂಪು ಏರುತ್ತಿರುವ ಆ ಹೊತ್ತಿನಲ್ಲಿ ತೈಲ ತುಂಬಿರುತ್ತದೆ. ಕೆಲವೇ ದಿನ ತಡವಾದರೆ ಹೂ ಅರಳಿ ಕೇಸರ ಉದುರುತ್ತದೆ, ಬೆಲೆ ಬಿದ್ದುಹೋಗುತ್ತದೆ. ಹಾಗೇ ಬಿಟ್ಟರೆ ಅಂಡಾಶಯ ಊದಿ ನೇರಳೆ ಬಣ್ಣದ ಕಾಯಾಗುತ್ತದೆ. ಬೀಜಕ್ಕೆ ಬೇಕಾದಷ್ಟನ್ನು ಬಿಟ್ಟರೆ ಅದು ರೈತನಿಗೆ ನಷ್ಟವೇ. ಒಂದು ಮರದ ಗೊಂಚಲುಗಳೆಲ್ಲ ಒಟ್ಟಿಗೆ ಬಲಿಯುವುದಿಲ್ಲ. ಹಾಗಾಗಿ ಅದೇ ಮರವನ್ನು ಮತ್ತೆ ಮತ್ತೆ ಹತ್ತಬೇಕು. ಕೊಂಬೆಗಳು ಪೆಡಸು, ಸುಲಭವಾಗಿ ಮುರಿಯುತ್ತವೆ. ಕೊಯ್ಯುವವರು ಹಗ್ಗ ಕಟ್ಟಿಕೊಂಡು ಮೇಲೇರಿ, ಕೊಕ್ಕೆಯ ಕೋಲಿನಿಂದ ತುದಿಗೊಂಬೆಗಳನ್ನು ಬಳಿಗೆಳೆದು, ಗೊಂಚಲನ್ನು ಕೈಯಿಂದಲೇ ಚಿವುಟುತ್ತಾರೆ. ಯಂತ್ರಕ್ಕೆ ಒಗ್ಗುವ ಕೆಲಸ ಇದಲ್ಲ. ಮರದಿಂದ ಬಿದ್ದು ಗಾಯಗೊಳ್ಳುವ ಅಪಾಯ ಇಂದಿಗೂ ತಪ್ಪಿಲ್ಲ.

ಸಂಜೆ ಗೊಂಚಲುಗಳು ಮನೆಗೆ ಬಂದ ಮೇಲೆ ಇನ್ನೊಂದು ಸುತ್ತಿನ ಕೆಲಸ. ಮನೆಮಂದಿ ಚಾಪೆಯ ಸುತ್ತ ಕುಳಿತು ಗೊಂಚಲನ್ನು ಅಂಗೈಗೆ ಒತ್ತಿ ತಿರುಚಿ ಮೊಗ್ಗನ್ನೂ ತೊಟ್ಟನ್ನೂ ಬೇರೆಮಾಡುತ್ತಾರೆ. ತೊಟ್ಟನ್ನು ಎಸೆಯುವುದಿಲ್ಲ, ಅದರಿಂದ ತೈಲ ಭಟ್ಟಿ ಇಳಿಸಬಹುದು. ಮೊಗ್ಗನ್ನು ಚಾಪೆಯ ಮೇಲೆ ತೆಳುವಾಗಿ ಹರವಿ ನಾಲ್ಕೈದು ದಿನ ಬಿಸಿಲಿಗೆ ಇಡುತ್ತಾರೆ. ತೂಕದ ಮೂರರಲ್ಲಿ ಎರಡು ಪಾಲು ನೀರಾಗಿ ಹೋಗುತ್ತದೆ, ಬಣ್ಣ ಕಂದಾಗುತ್ತದೆ. ಒಂದು ಕಿಲೋ ಒಣ ಲವಂಗಕ್ಕೆ ಸುಮಾರು 10,000 ಮೊಗ್ಗು ಬೇಕು. ನಡುವೆ ಮಳೆ ಬಂದರೆ ಎಲ್ಲವನ್ನೂ ಅವಸರದಿಂದ ಒಳಗೆ ಬಾಚಬೇಕು. ರಾಶಿಯಲ್ಲಿ ತೇವ ಉಳಿದು ಹುಳಿತರೆ ಮೊಗ್ಗು ಬಿಳಿಚಿಕೊಂಡು ಸುಕ್ಕಾಗುತ್ತದೆ. ವ್ಯಾಪಾರದಲ್ಲಿ ಅದನ್ನು ಖೋಕರ್ ಎಂದು ಪಕ್ಕಕ್ಕೆ ಹಾಕುತ್ತಾರೆ.

ಒಳ್ಳೆಯ ಒಣ ಲವಂಗದ ತೂಕದಲ್ಲಿ ಶೇಕಡ 15ರಿಂದ 20ರಷ್ಟು ತೈಲ, ಆ ತೈಲದ ಬಹುಪಾಲು ಯೂಜಿನಾಲ್. ಹಲ್ಲುನೋವಿಗೆ ಲವಂಗ ಕಚ್ಚಿಕೊಳ್ಳುವ ಮನೆಮದ್ದಿಗೆ ಆಧಾರ ಇದೇ: ಯೂಜಿನಾಲ್ ನರಗಳ ಸಂವೇದನೆಯನ್ನು ತಾತ್ಕಾಲಿಕವಾಗಿ ಜಡಗೊಳಿಸುತ್ತದೆ. ದಂತವೈದ್ಯರು ಸತುವಿನ ಆಕ್ಸೈಡ್ ಜೊತೆ ಯೂಜಿನಾಲ್ ಕಲಸಿ ಹಲ್ಲಿಗೆ ತಾತ್ಕಾಲಿಕ ಸಿಮೆಂಟ್ ತುಂಬುತ್ತಾರೆ.

ಲವಂಗದ ತವರು ಇಂಡೊನೇಷ್ಯಾದ ಮೊಲುಕ್ಕಾ ದ್ವೀಪಗಳು; ಅದರಲ್ಲೂ ಟರ್ನಾಟೆ, ಟಿಡೋರ್, ಮೋಟಿ, ಮಕಿಯಾನ್, ಬಚಾನ್ ಎಂಬ ಪುಟ್ಟ ದ್ವೀಪಗಳ ಗುಂಪು. ಜಗತ್ತಿಗೆಲ್ಲ ಲವಂಗ ಹೋಗುತ್ತಿದ್ದುದು ಅಲ್ಲಿಂದಲೇ. 17ನೇ ಶತಮಾನದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಬೆಳೆಯನ್ನು ಅಂಬೋನ್ ಪ್ರದೇಶಕ್ಕೆ ಸೀಮಿತಗೊಳಿಸಿ, ಉಳಿದ ಕಡೆ ಮರಗಳನ್ನು ಕಡಿಸಿಹಾಕಿತು. ಈ ಏಕಸ್ವಾಮ್ಯ ಅಷ್ಟು ಕಾಲ ಉಳಿದದ್ದಕ್ಕೆ ಬಂದೂಕು, ಹಡಗುಗಳಷ್ಟೇ ಕಾರಣವಲ್ಲ. ಬೀಜದ ಸ್ವಭಾವವೂ ಅದಕ್ಕೆ ಒತ್ತಾಸೆಯಾಗಿತ್ತು. ರಾಗಿ, ಭತ್ತದ ಬೀಜವನ್ನು ಒಣಗಿಸಿ ವರ್ಷಗಟ್ಟಲೆ ಇಡಬಹುದು. ಲವಂಗದ ಬೀಜ ಒಣಗಿದರೆ ಸತ್ತಂತೆ. ಹಣ್ಣಿನಿಂದ ತೆಗೆದ ಮೇಲೆ ಬೇಗ ನೆಡದಿದ್ದರೆ ಮೊಳೆಯುವುದಿಲ್ಲ. ಜಾಯಿಕಾಯಿಯದೂ ಇದೇ ಕತೆ. ಜೇಬಿನಲ್ಲಿ ನಾಲ್ಕು ಬೀಜ ಇಟ್ಟುಕೊಂಡು ತಿಂಗಳುಗಟ್ಟಲೆ ಸಮುದ್ರ ದಾಟುವ ಹಾಗಿರಲಿಲ್ಲ. ಸಸಿಯನ್ನೇ ಮಣ್ಣುಸಮೇತ ಹೊತ್ತು, ಉಪ್ಪುಗಾಳಿಯಿಂದ ಕಾಪಾಡಿ ತರಬೇಕಿತ್ತು. ಮಾರಿಷಸ್‌ನ ಫ್ರೆಂಚ್ ಆಡಳಿತಗಾರ ಪಿಯೆರ್ ಪ್ವಾವ್ರ್ ಕಳಿಸಿದ ಹಡಗುಗಳು ಈ ಕೆಲಸ ಸಾಧಿಸಿದ್ದು 1770ರಲ್ಲಿ. ಮಾರಿಷಸ್, ರೀಯೂನಿಯನ್ ದ್ವೀಪಗಳಲ್ಲಿ ಬದುಕಿಕೊಂಡ ಕೆಲವೇ ಮರಗಳ ಸಂತತಿ 19ನೇ ಶತಮಾನದ ಆದಿಯಲ್ಲಿ ಜಾಂಜಿಬಾರ್ ಸೇರಿತು.

ಆಗ ದ್ವೀಪ ಓಮಾನಿನ ಅರಸರ ಕೈಯಲ್ಲಿತ್ತು. ಸುಲ್ತಾನ ಸೈಯದ್ ಸಯೀದ್ 1840ರ ವೇಳೆಗೆ ತನ್ನ ಆಸ್ಥಾನವನ್ನೇ ಮಸ್ಕತ್‌ನಿಂದ ಜಾಂಜಿಬಾರ್‌ಗೆ ತಂದ. ಭೂಮಾಲೀಕರು ಒಂದು ತೆಂಗಿಗೆ ಮೂರು ಲವಂಗದ ಸಸಿ ನೆಡಬೇಕೆಂದು ಅವನು ಕಟ್ಟಪ್ಪಣೆ ಮಾಡಿದನೆಂದು ಅಲ್ಲಿ ಹೇಳುತ್ತಾರೆ. ಕೆಲವೇ ದಶಕಗಳಲ್ಲಿ ಜಾಂಜಿಬಾರ್ ಜಗತ್ತಿನ ಲವಂಗದ ಮುಖ್ಯ ಮೂಲವಾಯಿತು. ಈ ಏರಿಕೆಯ ಬೆಲೆ ತೆತ್ತವರು ಆಫ್ರಿಕಾದ ಒಳನಾಡಿನಿಂದ ಹಿಡಿದು ತಂದ ಗುಲಾಮರು. ಕಾಡು ಕಡಿದು ಗುಂಡಿ ತೋಡಿದ್ದು, ಮರ ಹತ್ತಿದ್ದು, ಮೊಗ್ಗು ಒಣಗಿಸಿದ್ದು ಅವರ ಕೈಗಳು. ಸ್ಟೋನ್ ಟೌನ್‌ನ ಗುಲಾಮರ ಸಂತೆ ಮುಚ್ಚಿದ್ದು ಸುಲ್ತಾನ ಬರ್ಗಶ್‌ನ ಕಾಲದ 1873ರ ಒಪ್ಪಂದದಿಂದ. ಸಂತೆಯ ಜಾಗದಲ್ಲಿ ಈಗ ಇಗರ್ಜಿಯಿದೆ. ಗುಲಾಮಗಿರಿಯ ಕಾನೂನುಬದ್ಧ ಮಾನ್ಯತೆ ಹೋಗಲು 1897 ಬರಬೇಕಾಯಿತು. ಸಾಂಬಾರ ತೋಟ ನೋಡಿ ಬಂದವರು ಈ ಜಾಗವನ್ನೂ ನೋಡಿದರೆ ಮಾತ್ರ ದ್ವೀಪದ ಕತೆ ಪೂರ್ತಿ ತಿಳಿಯುತ್ತದೆ.

1872ರ ಏಪ್ರಿಲ್‌ನಲ್ಲಿ ಬಂದ ಚಂಡಮಾರುತ ಉಂಗುಜಾದ ಲವಂಗದ ಮರಗಳಲ್ಲಿ ಹೆಚ್ಚಿನವನ್ನು ಉರುಳಿಸಿತು. ಅದು ಅಪರೂಪದ ಘಟನೆ. ಭೂಮಿಯ ತಿರುಗುವಿಕೆಯಿಂದ ಗಾಳಿಗೆ ಸಿಗುವ ಸುರುಳಿಯ ಬಲ ಸಮಭಾಜಕದ ಬಳಿ ತೀರಾ ಕಡಿಮೆ. ಹಾಗಾಗಿ ಇಷ್ಟು ಉತ್ತರದವರೆಗೆ ಚಂಡಮಾರುತ ಬರುವುದು ವಿರಳ. ಪೆಂಬಾ ಬಹುಮಟ್ಟಿಗೆ ಪಾರಾಯಿತು. ಲವಂಗದ ಸಸಿ ಮೊದಲ ಫಸಲು ಕೊಡಲು ಆರರಿಂದ ಎಂಟು ವರ್ಷ, ತುಂಬು ಫಸಲಿಗೆ ಹದಿನೈದು ಇಪ್ಪತ್ತು ವರ್ಷ ಹಿಡಿಯುವುದರಿಂದ ಉಂಗುಜಾದಲ್ಲಿ ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳಲಾಗಲಿಲ್ಲ. ಅಲ್ಲಿಂದಾಚೆ ಪೆಂಬಾವೇ ಲವಂಗದ ದ್ವೀಪ.

ಲವಂಗದ ವ್ಯಾಪಾರದಲ್ಲಿ ಕಛ್, ಗುಜರಾತಿನ ವರ್ತಕರ ಪಾತ್ರ ದೊಡ್ಡದು. 1930ರ ದಶಕದಲ್ಲಿ, ಸುಲ್ತಾನರ ಹೆಸರಿನಲ್ಲಿ ದ್ವೀಪವನ್ನು ನಡೆಸುತ್ತಿದ್ದ ಬ್ರಿಟಿಷ್ ಆಡಳಿತ ಲವಂಗದ ರಫ್ತನ್ನು ಒಂದೇ ಬೆಳೆಗಾರರ ಸಂಘದ ಹಿಡಿತಕ್ಕೆ ಕೊಡಲು ಹೊರಟಾಗ ಈ ವರ್ತಕರು ಪ್ರತಿಭಟಿಸಿದರು. ಭಾರತ ಆಗ ಜಾಂಜಿಬಾರ್ ಲವಂಗದ ದೊಡ್ಡ ಗಿರಾಕಿ. 1937ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಲವಂಗದ ಬಹಿಷ್ಕಾರಕ್ಕೆ ಕರೆಕೊಟ್ಟಿತು. ಮರುವರ್ಷ ಆಡಳಿತ ರಾಜಿಗೆ ಬಂತು. ಉಪ್ಪು, ಬಟ್ಟೆಗಳ ಸತ್ಯಾಗ್ರಹ ಎಲ್ಲರಿಗೂ ಗೊತ್ತು. ಲವಂಗದ ಈ ಬಹಿಷ್ಕಾರ ನಮ್ಮ ಪಠ್ಯಪುಸ್ತಕಗಳಲ್ಲೂ ಜಾಗ ಪಡೆಯಬೇಕಾದ ಸಂಗತಿ.

1964ರ ಜನವರಿಯ ಕ್ರಾಂತಿ ಸುಲ್ತಾನರ ಆಳ್ವಿಕೆಯನ್ನು ಕೊನೆಗಾಣಿಸಿತು. ದೊಡ್ಡ ತೋಟಗಳು ಸರ್ಕಾರದ ವಶವಾದವು. ಮೂರು ಮೂರು ಎಕರೆಯಂತೆ ಭೂಮಿ ಹಂಚಲಾಯಿತು. ಲವಂಗ ಕೊಳ್ಳುವ ಹಕ್ಕು ಸರ್ಕಾರಿ ವ್ಯಾಪಾರ ನಿಗಮದ್ದಾಯಿತು. ಬೆಳೆಯ ಹಣೆಬರಹ ಮಾತ್ರ ಮತ್ತೆ ಇಂಡೊನೇಷ್ಯಾದ ಕೈಸೇರಿತ್ತು. ಅಲ್ಲಿನವರು ತಂಬಾಕಿಗೆ ಲವಂಗ ಬೆರೆಸಿ ಸೇದುವ ಕ್ರೆಟೆಕ್ ಸಿಗರೇಟಿಗೆ ಜಾಂಜಿಬಾರ್‌ನಿಂದ ರಾಶಿ ರಾಶಿ ತರಿಸಿಕೊಳ್ಳುತ್ತಿದ್ದರು. 1980ರ ದಶಕದ ಹೊತ್ತಿಗೆ ಇಂಡೊನೇಷ್ಯಾ ತನಗೆ ಬೇಕಾದಷ್ಟನ್ನು ತಾನೇ ಬೆಳೆಯತೊಡಗಿತು, ಬೆಲೆ ಕುಸಿಯಿತು. ಮರಗಳಿಗೂ ವಯಸ್ಸಾಗಿತ್ತು. ವಾರಗಳಲ್ಲೇ ಎಲೆ ಹಳದಿಯಾಗಿ ಬಲಿತ ಮರ ಸಾಯುವ ದಿಢೀರ್ ಸಾವಿನ ರೋಗವೂ ಹಿಂದಿನಿಂದ ಕಾಡುತ್ತಲೇ ಇತ್ತು. ಇದೇ ಕಾಲದಿಂದ ಪ್ರವಾಸೋದ್ಯಮ ಬೆಳೆಯುತ್ತ ಬಂತು. ಉಂಗುಜಾದ ತೋಟಗಳನ್ನು ತೋರಿಸುವುದೇ ಹಲವರಿಗೆ ಜೀವನೋಪಾಯವಾಯಿತು.

ತೋಟದ ಸುತ್ತಿನಲ್ಲಿ ಕನ್ನಡಿಗರು ಸುಲಭವಾಗಿ ಗುರುತಿಸುವ ಎರಡು ಗಿಡಗಳು ಕಾಳುಮೆಣಸು ಮತ್ತು ಏಲಕ್ಕಿ. ಎರಡರ ತವರೂ ಪಶ್ಚಿಮ ಘಟ್ಟ. ಮೆಣಸಿನ ಹಸಿರು ಕಾಳನ್ನು ಒಣಗಿಸಿದರೆ ಸಿಪ್ಪೆಯಲ್ಲಿನ ಕಿಣ್ವ ಕೆಲಸಮಾಡಿ ಕಪ್ಪಾಗುತ್ತದೆ. ಹಣ್ಣಾದ ಮೇಲೆ ನೆನೆಸಿ ಸಿಪ್ಪೆ ತೆಗೆದರೆ ಅದೇ ಬಿಳಿಮೆಣಸು. ಮೆಣಸಿನ ಖಾರ ಪೈಪರಿನ್‌ನದು. ಅದು ಮೂಗಿಗೆ ತಿಳಿಯುವ ವಾಸನೆಯಲ್ಲ, ಬಾಯಲ್ಲಿ ಬಿಸಿಯನ್ನು ಗ್ರಹಿಸುವ ನರತುದಿಗಳನ್ನು ಕೆಣಕುವ ವಸ್ತು. ಏಲಕ್ಕಿಯನ್ನು ಅಂಗಡಿಯಲ್ಲಷ್ಟೇ ಕಂಡವರು ಎತ್ತರದ ಎಲೆಗಳ ನಡುವೆ ಕಾಯಿ ಹುಡುಕುತ್ತಾರೆ. ಕಾಯಿ ಇರುವುದು ಬುಡದಲ್ಲಿ, ನೆಲಕ್ಕೆ ತಾಗಿಕೊಂಡು ಹರಡುವ ಹೂಗೊನೆಯಲ್ಲಿ.

ಜಾಯಿಕಾಯಿ ನೋಟಕ್ಕೇ ಸೊಗಸು. ಹಳದಿ ಹಣ್ಣು ಬಿರಿದಾಗ ಒಳಗೆ ಕಡುಕಂದು ಬೀಜ, ಅದನ್ನು ಬಲೆಯಂತೆ ಬಿಗಿದ ಕಡುಗೆಂಪು ಪತ್ರೆ. ಪತ್ರೆ ಬಿಡಿಸಿ ಒಣಗಿಸಿದರೆ ಜಾಪತ್ರೆ, ಬೀಜದ ಚಿಪ್ಪು ಒಡೆದರೆ ಜಾಯಿಕಾಯಿ. ಮೊಲುಕ್ಕಾದ ಬಾಂದಾ ದ್ವೀಪಗಳಿಂದ ಬಂದ ಈ ಜಾತಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಹೂ ಬಿಡುವತನಕ ವರ್ಷಗಟ್ಟಲೆ ಯಾವುದು ಏನೆಂದು ತಿಳಿಯದು. ಅದಕ್ಕೇ ಈಗ ಕಸಿ ಸಸಿ ನೆಡುತ್ತಾರೆ. ಇದರ ಹತ್ತಿರದ ನೆಂಟ ರಾಮಪತ್ರೆ ನಮ್ಮ ಘಟ್ಟದ ಕಾಡುಗಳಲ್ಲಿದೆ.

ವೆನಿಲಾ ಬಳ್ಳಿಯ ಹಸಿ ಕೋಡನ್ನು ಮೂಸಿದರೆ ಏನೂ ಸಿಗುವುದಿಲ್ಲ, ಹೊಸಕಿದರೂ ಅಷ್ಟೆ. ವೆನಿಲಿನ್ ಅಣು ಅದರಲ್ಲಿ ಸಕ್ಕರೆಯೊಂದಿಗೆ ಬೆಸೆದುಕೊಂಡಿರುತ್ತದೆ, ಹಾಗಿರುವಾಗ ಅದು ಹಾರುವುದಿಲ್ಲ. ಕೋಡನ್ನು ಬಿಸಿನೀರಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ತಿಂಗಳುಗಟ್ಟಲೆ ಒಣಗಿಸಿ ಹದಮಾಡಿದಾಗ ಕಿಣ್ವಗಳು ಬೆಸುಗೆ ಬಿಡಿಸಿ ಪರಿಮಳ ಹೊರಬರುತ್ತದೆ. ಅದಕ್ಕೂ ಮೊದಲು ಕೋಡು ಕಟ್ಟಬೇಕು. ಮೆಕ್ಸಿಕೊ ಮೂಲದ ಈ ಆರ್ಕಿಡ್‌ನ ಹೂ ಅರಳಿರುವುದು ಒಂದೇ ದಿನ; ಗಂಡು ಹೆಣ್ಣು ಭಾಗಗಳ ನಡುವೆ ತೆಳುಪರದೆಯೊಂದು ಅಡ್ಡ. ರೀಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಎಂಬ 12 ವರ್ಷದ ಹುಡುಗ 1841ರಲ್ಲಿ ಸಣ್ಣ ಕಡ್ಡಿಯಿಂದ ಪರದೆ ಎತ್ತಿ, ಹೆಬ್ಬೆರಳಿನಿಂದ ಪರಾಗ ಒತ್ತುವ ಉಪಾಯ ತೋರಿಸಿದ. ಸ್ವತಂತ್ರನಾದ ಮೇಲೆ ಆಲ್ಬಿಯಸ್ ಎಂಬ ಕುಲನಾಮ ಪಡೆದ ಅವನು ಬಡತನದಲ್ಲೇ ತೀರಿಕೊಂಡ. 2000ದ ಆಸುಪಾಸಿನಲ್ಲಿ ಮಲೆನಾಡಿನಲ್ಲೂ ದಕ್ಷಿಣ ಕನ್ನಡದಲ್ಲೂ ವೆನಿಲಾದ ಬೆಲೆ ಗಗನಕ್ಕೇರಿದ್ದಾಗ (ಆಮೇಲೆ ಅದು ಪಾತಾಳಕ್ಕೆ ಬಿತ್ತು) ನಮ್ಮ ರೈತರು ಬೆಳಗಿನ ಹೊತ್ತು ಹೂವಿಂದ ಹೂವಿಗೆ ಮಾಡುತ್ತಿದ್ದ ಕೆಲಸ ಇದೇ. ವೆನಿಲಿನ್‌ಗೂ ಯೂಜಿನಾಲ್‌ಗೂ ರಚನೆಯಲ್ಲಿ ಹತ್ತಿರದ ಹೋಲಿಕೆ ಇದೆ. ಒಂದು ಕಾಲದಲ್ಲಿ ಕಾರ್ಖಾನೆಗಳು ಲವಂಗದ ಎಣ್ಣೆಯಿಂದಲೇ ಕೃತಕ ವೆನಿಲಿನ್ ತಯಾರಿಸುತ್ತಿದ್ದವು.

ಸುತ್ತು ಮುಗಿಯುವಲ್ಲಿ ಪೊಟ್ಟಣಗಳ ಮಾರಾಟ ಇರುತ್ತದೆ. ಅಲ್ಲಿ ಕೇಸರಿ ಎಂದು ಕೊಡುವುದನ್ನು ಕೊಳ್ಳದಿರುವುದು ಒಳ್ಳೆಯದು. ಕೇಸರಿ ಚಳಿ ಬೇಡುವ ಬೆಳೆ, ಈ ದ್ವೀಪದಲ್ಲಿ ಬೆಳೆಯುವುದಿಲ್ಲ. ಲವಂಗ ಕೊಳ್ಳುವಾಗ ಉಗುರಿನಿಂದ ಕಡ್ಡಿಯನ್ನು ಒತ್ತಿದರೆ ಎಣ್ಣೆ ಜಿನುಗಬೇಕು, ಬಾಗಿಸಿದರೆ ಪಟಕ್ಕನೆ ಮುರಿಯಬೇಕು, ತಲೆಯ ಗುಬುಟು ಉದುರಿರಬಾರದು. ತೈಲ ಆರಿಹೋದ ಅಥವಾ ಭಟ್ಟಿ ಇಳಿಸಿ ತೆಗೆದ ಲವಂಗ ಕಪ್ಪಾಗಿ ಸೊರಗಿರುತ್ತದೆ, ನೀರಿಗೆ ಹಾಕಿದರೆ ಅಡ್ಡಲಾಗಿ ತೇಲುತ್ತದೆ. ಪುಡಿಗಿಂತ ಇಡೀ ಲವಂಗವೇ ಮೇಲು: ಪುಡಿಮಾಡಿದಾಗ ಗ್ರಂಥಿಗಳೆಲ್ಲ ಒಡೆದು, ಡಬ್ಬಿ ತೆರೆದಾಗಲೆಲ್ಲ ಯೂಜಿನಾಲ್ ಗಾಳಿಗೆ ಹೋಗುತ್ತದೆ.